ನಡಿಗೆ ಮರಳಬಹುದು, ನೆನಪು?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಕೆಮ್ಮು, ಬಾಣಂತಿಯ ಪಥ್ಯ, ಮಂಡಿನೋವು, ಸಕ್ಕರೆ ಕಾಯಿಲೆಯ ಬಗ್ಗೆ ಇರುತ್ತವೆ. ಕಳೆದ ತಿಂಗಳು ಕರಾವಳಿಯ ಒಂದು ಊರಿನಿಂದ ಬಂದ ಆರು ಪುಟಗಳ ಪತ್ರ ಮಾತ್ರ ಬೇರೆಯೇ ಆಗಿತ್ತು. ಬರೆದವರು ಮನೆಯ ಕಿರಿಯ ಸೊಸೆ. ಹೆಸರು, ಊರು ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಪತ್ರದ ಸಾರವನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಅವರ ಅತ್ತೆಗೆ 71 ವರ್ಷ. ನೆರೆಹೊರೆಯ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯ ಜಗಲಿಯಲ್ಲಿ ಕೂರಿಸಿ ಕುರ್‌ಆನ್ ಓದಲು ಕಲಿಸಿದವರು. ಎರಡು ವರ್ಷಗಳ ಹಿಂದೆ ಅವರ ನಡಿಗೆ ಬದಲಾಯಿತು. ಪಾದ ನೆಲಕ್ಕೆ ಅಂಟಿಕೊಂಡಂತೆ, ಕಾಲು ಅಗಲಿಸಿ, ಪುಟ್ಟ ಪುಟ್ಟ ಹೆಜ್ಜೆ. ತಿರುಗಬೇಕಾದರೆ ಐದಾರು ಹೆಜ್ಜೆ ಬೇಕು. ಎಲ್ಲರೂ ಮಂಡಿನೋವೆಂದು ತಿಳಿದು ಎಣ್ಣೆ ತಿಕ್ಕಿದರು. ಆಮೇಲೆ ಬಚ್ಚಲುಮನೆ ತಲುಪುವ ಮೊದಲೇ ಮೂತ್ರ ಹೋಗತೊಡಗಿತು. ವುಝೂ ನಿಲ್ಲುವುದಿಲ್ಲವೆಂದು ಅವರು ನಾಚಿಕೆಯಿಂದ ನಮಾಝ್‌ಗೆ ಕೋಣೆಯ ಬಾಗಿಲು ಹಾಕಿಕೊಂಡರು. ಇನ್ನೂ ಕೆಲವು ತಿಂಗಳು ಕಳೆದ ಮೇಲೆ ಎರಡನೆಯ ರಕಅತೋ ಮೂರನೆಯದೋ ಎಂಬ ಗೊಂದಲ. ಈಗ ಕೇಳಿದ್ದಕ್ಕೆ ಬಹಳ ಹೊತ್ತು ಬಿಟ್ಟು ಉತ್ತರ, ಉಳಿದಂತೆ ಮೌನ. "ವಯಸ್ಸಾಯಿತು, ಅರಳು ಮರಳು" ಎಂದರು ಬಂಧುಗಳು. ಯಾರೋ ದೃಷ್ಟಿ ತಾಗಿದೆ ಎಂದರು, ಮಂತ್ರಿಸಿದ ನೀರೂ ಬಂತು.

ಕೊನೆಗೆ ಒಂದು ದಿನ ಬಿದ್ದು ಹಣೆ ಒಡೆದುಕೊಂಡಾಗ ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನಲ್ಲಿ ನೀರು ಹೆಚ್ಚಾಗಿದೆ, ಕೊಳವೆ ಹಾಕುವ ಆಪರೇಷನ್ ಮಾಡಬಹುದು ಎಂದರು ವೈದ್ಯರು. "ನಡಿಗೆ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ನೆನಪಿನ ಬಗ್ಗೆ ಮಾತು ಕೊಡಲಾರೆ" ಎಂದೂ ಹೇಳಿದರು. ದಮ್ಮಾಮ್‌ನಲ್ಲಿರುವ ಹಿರಿಯ ಮಗ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬುದ್ಧಿ ಸರಿಹೋಗುತ್ತದೆಂಬ ಗ್ಯಾರಂಟಿ ಇಲ್ಲದಿದ್ದರೆ ಈ ಪ್ರಾಯದಲ್ಲಿ ತಲೆಗೆ ಯಾಕೆ ಕತ್ತಿ ಹಾಕಿಸಬೇಕು?" ಕಿರಿಯ ಮಗನಿಗೆ ಮಾಡಿಸುವ ಮನಸ್ಸು, ಆದರೆ ಅಣ್ಣನ ಮಾತು ಮೀರಲಾರ. ಸೊಸೆ ನಮ್ಮನ್ನು ಕೇಳುತ್ತಾರೆ: ಅತ್ತೆಯ ನೆನಪು ಮರಳುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಪರೀಕ್ಷೆ ಯಾವುದಾದರೂ ಇದೆಯೇ?

ಆ ವೃದ್ಧೆಯನ್ನಾಗಲಿ, ಅವರ ಸ್ಕ್ಯಾನನ್ನಾಗಲಿ ನೋಡದೆ ನಾನು ಅವರ ವಿಷಯದಲ್ಲಿ ತೀರ್ಪು ಕೊಡುವಂತಿಲ್ಲ. ಆದರೆ ಪ್ರಶ್ನೆ ಆ ಒಂದು ಮನೆಯದ್ದಲ್ಲ.

ಮೊದಲು ರೋಗದ ಪರಿಚಯ. ನಮ್ಮ ಮೆದುಳಿನ ನಡುವೆ ನೀರು ತುಂಬಿದ ನಾಲ್ಕು ಕೋಣೆಗಳಿವೆ. ಮೆದುಳಿನ ಸುತ್ತ ಮತ್ತು ಬೆನ್ನುಹುರಿಯ ಉದ್ದಕ್ಕೂ ಇದೇ ತಿಳಿ ನೀರು ಹರಿದಾಡುತ್ತದೆ. ಒಟ್ಟು ಇರುವುದು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು. ಆದರೆ ದಿನವೊಂದಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ, ಅಷ್ಟೇ ನೀರು ರಕ್ತಕ್ಕೆ ಹಿಂತಿರುಗುತ್ತದೆ. ಹಿಂತಿರುಗುವ ದಾರಿ ಕೆಟ್ಟಾಗ ಕೋಣೆಗಳು ಉಬ್ಬಿ ಪಕ್ಕದ ನರತಂತುಗಳನ್ನು ಎಳೆದು ಹಿಗ್ಗಿಸುತ್ತವೆ. ಕಾಲಿಗೆ ಹೆಜ್ಜೆಯ ಆಜ್ಞೆ ಕೊಡುವ, ಮೂತ್ರವನ್ನು ತಡೆದು ಹಿಡಿಯುವ, ಯೋಚನೆಗೆ ಚುರುಕು ಕೊಡುವ ತಂತುಗಳೆಲ್ಲ ಹಾದುಹೋಗುವುದು ಅದೇ ಜಾಗದಲ್ಲಿ. ಆದ್ದರಿಂದಲೇ ಈ ಮೂರು ತೊಂದರೆಗಳು ಜೊತೆಜೊತೆಯಾಗಿ ಬರುತ್ತವೆ. ಸೂಜಿ ಹಾಕಿ ಅಳೆದರೆ ನೀರಿನ ಒತ್ತಡ ಮಾತ್ರ ಹೆಚ್ಚಿರುವುದಿಲ್ಲ. ಹಾಗಾಗಿ ಇದಕ್ಕೆ ನಾರ್ಮಲ್ ಪ್ರೆಶರ್ ಹೈಡ್ರೋಸೆಫಾಲಸ್ ಎಂಬ ಉದ್ದನೆಯ ಹೆಸರು. ವೈದ್ಯರು ಚೀಟಿಯಲ್ಲಿ ಚಿಕ್ಕದಾಗಿ ಎನ್‌ಪಿಎಚ್ ಎಂದು ಬರೆಯುತ್ತಾರೆ.

ಇದನ್ನು ಗುರುತಿಸಿದವರ ಹೆಸರು ಹಕೀಮ್. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಯುನಾನಿ ಹಕೀಮರೆಂದು ಭಾವಿಸಬೇಡಿ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ನರಶಸ್ತ್ರಚಿಕಿತ್ಸಕ ಸಲೊಮೊನ್ ಹಕೀಮ್. ಅವರ ಹೆತ್ತವರು ಲೆಬನಾನ್‌ನಿಂದ ಅಲ್ಲಿಗೆ ವಲಸೆ ಹೋದವರು. 1957ರಲ್ಲಿ ಬೊಗೊಟಾ ನಗರದಲ್ಲಿ ಅಪಘಾತದಿಂದ ತಲೆಗೆ ಪೆಟ್ಟು ಬಿದ್ದ 16 ವರ್ಷದ ಹುಡುಗನೊಬ್ಬ ಅವರ ಬಳಿಗೆ ಬಂದ. ಪೆಟ್ಟು ವಾಸಿಯಾದರೂ ಹುಡುಗನಿಗೆ ಸರಿಯಾಗಿ ಎಚ್ಚರವಾಗಲಿಲ್ಲ. ಕೋಣೆಗಳು ಉಬ್ಬಿದ್ದವು, ಒತ್ತಡ ಸರಿಯಾಗಿಯೇ ಇತ್ತು. ಪರೀಕ್ಷೆಗೆಂದು ಬೆನ್ನಿನಿಂದ ಸ್ವಲ್ಪ ನೀರು ತೆಗೆದರು. ಹುಡುಗ ಚೇತರಿಸಿಕೊಂಡು ಮಾತನಾಡಿದ! ಕೆಲವು ದಿನಗಳಲ್ಲಿ ಮತ್ತೆ ಮೊದಲಿನಂತಾದ. ಮತ್ತೆ ನೀರು ತೆಗೆದಾಗ ಮತ್ತೆ ಎಚ್ಚೆತ್ತ. ಕೊಳವೆ ಹಾಕಿದ ಮೇಲೆ ಅವನ ಚೇತರಿಕೆ ನಿಂತಿತು. 1965ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಆಡಮ್ಸ್ ಮೊದಲಾದವರ ಜೊತೆಗೂಡಿ ಹಕೀಮ್ ಈ ರೋಗದ ವಿವರಗಳನ್ನು ಪ್ರಕಟಿಸಿದರು. ವಾಸಿಯಾಗಬಲ್ಲ ಮರೆಗುಳಿತನವೊಂದು ಇದೆ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತು.

ಆ ಸುದ್ದಿಯೇ ಅತಿಯಾದ ಆಸೆಯನ್ನೂ ಹುಟ್ಟಿಸಿತು. ಮರೆಗುಳಿತನವಿದ್ದ, ಸ್ಕ್ಯಾನಿನಲ್ಲಿ ಕೋಣೆ ದೊಡ್ಡದಾಗಿದ್ದ ಎಷ್ಟೋ ಮಂದಿಗೆ ಕೊಳವೆ ಹಾಕಲಾಯಿತು, ಅನೇಕರಿಗೆ ಪ್ರಯೋಜನವಾಗಲಿಲ್ಲ. ಬೊಗೊಟಾದ ಹುಡುಗನ ಮೆದುಳು ಎಳೆಯದು, ಕಾರಣವೂ ಗೊತ್ತಿತ್ತು. 70-75ರ ವಯಸ್ಸಿನಲ್ಲಿ ಗೊತ್ತಾದ ಕಾರಣವಿಲ್ಲದೆ ಬರುವ ಎನ್‌ಪಿಎಚ್ ಹಾಗಲ್ಲ. ಪ್ರಾಯವಾದಂತೆ ಮೆದುಳು ತಾನಾಗಿಯೇ ಸ್ವಲ್ಪ ಸೊರಗುತ್ತದೆ, ಆ ಖಾಲಿ ಜಾಗವನ್ನು ನೀರು ತುಂಬುತ್ತದೆ. ಅಂಥವರಲ್ಲಿಯೂ ಕೋಣೆ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ವರದಿಯಲ್ಲಿ ಆ ಒಂದು ಸಾಲು ಇದ್ದ ಮಾತ್ರಕ್ಕೆ ಇದೇ ರೋಗವೆಂದು ತಿಳಿಯಬಾರದು. ನೆತ್ತಿಯ ಭಾಗದ ಮಡಿಕೆಗಳು ಒತ್ತಾಗಿಯೂ ಪಕ್ಕದ ಸಂದುಗಳು ಅಗಲವಾಗಿಯೂ ಇವೆಯೇ ಎಂದು ತಜ್ಞರು ಎಂಆರ್‌ಐಯಲ್ಲಿ ಹುಡುಕುತ್ತಾರೆ. ಹಾಗಿದ್ದರೆ ಎನ್‌ಪಿಎಚ್‌ನ ಅನುಮಾನ ಬಲವಾಗುತ್ತದೆ.

ಹಾಗೆಂದು ಇದು ತೀರಾ ಅಪರೂಪದ ರೋಗವೂ ಅಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 80 ದಾಟಿದ ನೂರು ಮಂದಿಯಲ್ಲಿ ಸುಮಾರು ಆರು ಜನರಿಗೆ ಇದರ ಲಕ್ಷಣಗಳಿದ್ದವು. ನಮ್ಮಲ್ಲಿ ಇಂಥವರು ಮನೆಯ ಮೂಲೆಯ ಮಂಚದಲ್ಲಿ "ಅರಳು ಮರಳು" ಎಂಬ ಹೆಸರಿನಲ್ಲಿಯೇ ಕಳೆದುಹೋಗುತ್ತಾರೆ.

ಇನ್ನು ಮೊದಲೇ ಹೇಳುವ ಪರೀಕ್ಷೆಯ ವಿಷಯ. ಹಕೀಮರಿಗೆ ಅರಿವಿಲ್ಲದೆ ಸಿಕ್ಕಿದ್ದೇ ಇಂದಿಗೂ ಮುಖ್ಯ ಪರೀಕ್ಷೆ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಹಾಕಿ 30ರಿಂದ 50 ಮಿಲಿಲೀಟರ್ ನೀರು ತೆಗೆಯುತ್ತಾರೆ. ಅದಕ್ಕೆ ಮೊದಲು ಮತ್ತು ಕೆಲವು ಗಂಟೆಗಳ ನಂತರ ನಡಿಗೆಯನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? ಎಷ್ಟು ಹೆಜ್ಜೆ? ನೀರು ತೆಗೆದ ಮೇಲೆ ನಡಿಗೆ ಹಗುರವಾದರೆ ಕೊಳವೆಯಿಂದಲೂ ನಡಿಗೆ ಸುಧಾರಿಸುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಹಗುರವಾಗದಿದ್ದರೆ? ಆಸೆ ಬಿಡಬೇಕಾಗಿಲ್ಲ. ಈ ಪರೀಕ್ಷೆಯಲ್ಲಿ ಬದಲಾವಣೆ ಕಾಣದವರಲ್ಲಿಯೂ ಕೆಲವರು ಆಪರೇಷನ್ ನಂತರ ಸುಧಾರಿಸಿದ್ದಾರೆ. ಅನುಮಾನ ಉಳಿದರೆ ಕೆಲವು ಆಸ್ಪತ್ರೆಗಳಲ್ಲಿ ಸೊಂಟದ ಬಳಿ ಸಣ್ಣ ನಳಿಕೆ ಇಟ್ಟು ಎರಡು ಮೂರು ದಿನ ನೀರು ಇಳಿಸಿ ನೋಡುತ್ತಾರೆ.

ಇದೆಲ್ಲ ನಡಿಗೆಯ ಮಾತಾಯಿತು. ನೆನಪಿನ ವಿಷಯದಲ್ಲಿ ಈ ಸೂಜಿ ಹೆಚ್ಚೇನೂ ಹೇಳುವುದಿಲ್ಲ. ಕಾಲು ಕೆಲವೇ ಗಂಟೆಗಳಲ್ಲಿ ಹಗುರವಾಗಬಹುದು, ಯೋಚನೆ ಚುರುಕಾಗಲು ತಿಂಗಳುಗಳೇ ಹಿಡಿಯಬಹುದು. ಮತ್ತೆ, ಬೆಳಿಗ್ಗೆ ಹತ್ತು ಪದಗಳನ್ನು ಹೇಳಿಕೊಟ್ಟು ಒಪ್ಪಿಸಲು ಹೇಳಿ, ಸಂಜೆ ಅದೇ ಪರೀಕ್ಷೆ ಮಾಡಿದರೆ ಎರಡನೆಯ ಸಲ ಯಾರಿಗಾದರೂ ಸ್ವಲ್ಪ ಹೆಚ್ಚು ಅಂಕ ಬರಬಹುದು. ಅದು ನೀರು ತೆಗೆದದ್ದರಿಂದಲೋ ಅಭ್ಯಾಸದಿಂದಲೋ ಹೇಳುವುದು ಕಷ್ಟ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಬೆನ್ನಿನ ನೋವು, ಆಸ್ಪತ್ರೆಯ ಭಯ, ರಾತ್ರಿಯ ನಿದ್ದೆಗೇಡು, ಪರಪುರುಷನೊಬ್ಬ ಎದುರು ಕೂತು ಪ್ರಶ್ನೆ ಕೇಳುವ ಸಂಕೋಚ ಎಲ್ಲ ಸೇರಿ ಗೊತ್ತಿದ್ದ ಉತ್ತರವೂ ಬಾಯಿಗೆ ಬರುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನ ನೆನಪು ಹೆಚ್ಚಾಯಿತೆಂದು ಹಿಗ್ಗುವುದೂ ಬೇಡ, ಹೆಚ್ಚಾಗಲಿಲ್ಲವೆಂದು ಕುಗ್ಗುವುದೂ ಬೇಡ.

2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿತು. ಅಮೆರಿಕ, ಕೆನಡಾ ಮತ್ತು ಸ್ವೀಡನ್ನಿನ ಆಸ್ಪತ್ರೆಗಳಲ್ಲಿ 99 ರೋಗಿಗಳಿಗೆ ಕೊಳವೆ ಹಾಕಲಾಯಿತು. ಎಲ್ಲರೂ ನೀರು ತೆಗೆದಾಗ ನಡಿಗೆ ಸುಧಾರಿಸಿದವರೇ. ಆದರೆ ಅರ್ಧದಷ್ಟು ಮಂದಿಯ ಕೊಳವೆಯ ಕವಾಟವನ್ನು ನೀರು ಹರಿಯುವಂತೆಯೂ, ಉಳಿದರ್ಧ ಮಂದಿಯದ್ದನ್ನು ಹೆಚ್ಚುಕಡಿಮೆ ಮುಚ್ಚಿದಂತೆಯೂ ಇಡಲಾಯಿತು. ಯಾರದ್ದು ಹೇಗಿದೆ ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. (ಮೂರು ತಿಂಗಳ ನಂತರ ಮುಚ್ಚಿದ್ದವರದ್ದನ್ನೂ ತೆರೆದರು.) ಮೂರು ತಿಂಗಳಲ್ಲಿ ಕವಾಟ ತೆರೆದಿದ್ದವರ ನಡಿಗೆಯ ವೇಗ ಸೆಕೆಂಡಿಗೆ ಸರಾಸರಿ 23 ಸೆಂಟಿಮೀಟರ್ ಹೆಚ್ಚಿತು, ಮುಚ್ಚಿದ್ದವರದ್ದು 3 ಸೆಂಟಿಮೀಟರ್ ಮಾತ್ರ. ಮೊದಲ ಗುಂಪಿನಲ್ಲಿ ಬಿದ್ದವರು ನೂರಕ್ಕೆ 24, ಎರಡನೆಯದರಲ್ಲಿ 46. ನೆನಪು ಮತ್ತು ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸೂಜಿಯ ಪರೀಕ್ಷೆಯಲ್ಲಿ ಪಾಸಾದವರನ್ನೇ ಆರಿಸಿದ್ದರೂ ಹೀಗೆ. ಮೂರು ತಿಂಗಳು ಬುದ್ಧಿಗೆ ಕಡಿಮೆ ಅವಧಿ ಎಂಬುದು ನಿಜ, ಸರಾಸರಿಯ ಒಳಗೆ ಚೆನ್ನಾಗಿ ಸುಧಾರಿಸಿದವರೂ ಅಡಗಿರಬಹುದು. ಆದರೆ ನಮ್ಮ ಸಹೋದರಿಯ ಅತ್ತೆಯ ವೈದ್ಯರು "ಮಾತು ಕೊಡಲಾರೆ" ಎಂದದ್ದು ಹಾರಿಕೆಯ ಉತ್ತರವಲ್ಲ. ಪ್ರಾಮಾಣಿಕ ಉತ್ತರ.

ಹಾಗಾದರೆ ನೆನಪಿನ ಬಗ್ಗೆ ಯಾವ ಸೂಚನೆಯೂ ಇಲ್ಲವೇ? ಇದೆ. ಅದರಲ್ಲಿ ದೊಡ್ಡ ಪಾಲು ಯಂತ್ರಕ್ಕಿಂತ ಮನೆಯವರ ಕಣ್ಣಿಗೆ ಬೀಳುವಂಥದ್ದು.

ಮರೆವಿನಲ್ಲಿ ಎರಡು ಬಗೆ. ಒಂದು, ನಿಧಾನದ ಮರೆವು. ವಿಷಯ ಒಳಗೆ ಇರುತ್ತದೆ, ಹುಡುಕಿ ತೆಗೆಯಲು ಹೊತ್ತು ಬೇಕಾಗುತ್ತದೆ. "ಮಾಮೀ, ನಿನ್ನೆ ಯಾರು ಬಂದಿದ್ದರು?" ಎಂದರೆ ಸುಮ್ಮನಿರುತ್ತಾರೆ. "ಬೆಂಗಳೂರಿನಿಂದ..." ಎಂದು ಸುಳಿವು ಕೊಟ್ಟರೆ, ಸ್ವಲ್ಪ ಕಾದರೆ, "ಹೌದು, ತಂಗಿಯ ಮಗಳು" ಎನ್ನುತ್ತಾರೆ. ಗಮನ ಬೇಗ ಜಾರುತ್ತದೆ, ತಾವಾಗಿ ಏನನ್ನೂ ಆರಂಭಿಸುವುದಿಲ್ಲ. ಎನ್‌ಪಿಎಚ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಇನ್ನೊಂದು, ಅಳಿಸಿಹೋದ ಮರೆವು. ಸುಳಿವು ಕೊಟ್ಟರೂ ಪ್ರಯೋಜನವಿಲ್ಲ, ನಿನ್ನೆ ಯಾರೂ ಬಂದೇ ಇಲ್ಲ ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಾರೆ, ಗೊತ್ತಿರುವ ದಾರಿ ತಪ್ಪುತ್ತಾರೆ. ಇದು ಅಲ್‌ಝೈಮರ್ ರೋಗದ ರೀತಿ. ಮೊದಲನೆಯ ಬಗೆಯದ್ದು ಕೊಳವೆಯಿಂದ ಸುಧಾರಿಸುವ ಆಸೆ ಹೆಚ್ಚು, ಎರಡನೆಯದಕ್ಕೆ ಕಡಿಮೆ.

ಇಲ್ಲಿ ನಮ್ಮ ಮನೆಗಳಲ್ಲಿ ಆಗುವ ಒಂದು ತಪ್ಪನ್ನು ಹೇಳಲೇಬೇಕು. ಪತ್ರದಲ್ಲಿಯೂ ಅದು ಇದೆ: "ಅತ್ತೆ ಸೂರಃ ಯಾಸೀನನ್ನು ಒಂದಕ್ಷರ ತಪ್ಪದೆ ಓದುತ್ತಾರೆ, ಹಾಗಾಗಿ ಅವರ ಬುದ್ಧಿಗೆ ಏನೂ ಆಗಿಲ್ಲ ಎಂದು ಮನೆಯವರು ವಾದಿಸುತ್ತಿದ್ದರು." ಎಳವೆಯಲ್ಲಿ ಕಂಠಪಾಠ ಮಾಡಿ, ಅರುವತ್ತು ವರ್ಷ ದಿನವೂ ನಾಲಗೆಯ ಮೇಲೆ ಆಡಿದ್ದು ಮೆದುಳಿನಲ್ಲಿ ಬಹಳ ಆಳಕ್ಕೆ ಇಳಿದಿರುತ್ತದೆ. ಮಕ್ಕಳ ಹೆಸರು ಮರೆತವರೂ ಫಾತಿಹಾ ಓದುತ್ತಾರೆ. ಅದು ಅಲ್ಲಾಹನ ದೊಡ್ಡ ಅನುಗ್ರಹ. ಆದರೆ ಮೆದುಳಿನ ಆರೋಗ್ಯದ ಅಳತೆಗೋಲಲ್ಲ. ಯಾಸೀನಿಗಿಂತ ಈ ಬೆಳಿಗ್ಗೆ ತಿಂದ ತಿಂಡಿಯ ನೆನಪು ವೈದ್ಯರಿಗೆ ಹೆಚ್ಚು ಉಪಯೋಗ.

ಎರಡನೆಯ ಸೂಚನೆ, ಯಾವುದು ಮೊದಲು ಬಂತು ಎಂಬುದು. ನಡಿಗೆ ಮೊದಲು ಕೆಟ್ಟು ಮರೆವು ಆಮೇಲೆ ಬಂದಿದ್ದರೆ ಒಳ್ಳೆಯ ಲಕ್ಷಣ. ಮರೆವು ಎಷ್ಟೋ ಮೊದಲೇ ಇದ್ದು ಕಾಲು ಈಚೆಗೆ ಸೋತಿದ್ದರೆ ಬೇರೆ ರೋಗವೂ ಜೊತೆಯಲ್ಲಿದೆಯೇ ಎಂದು ಹುಡುಕಬೇಕಾಗುತ್ತದೆ. ನಮ್ಮ ಸಹೋದರಿಯ ಅತ್ತೆಗೆ ಮೊದಲು ಕೆಟ್ಟದ್ದು ನಡಿಗೆ. ಇದನ್ನು ವೈದ್ಯರಿಗೆ ಹೇಳಿದ್ದಾರೋ ಇಲ್ಲವೋ ಪತ್ರದಲ್ಲಿಲ್ಲ. ಹೇಳಿರದಿದ್ದರೆ ಈ ವಾರವೇ ಹೇಳಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಗಂಡಸರಿಗೆ ಈ ವಿವರಗಳು ಗೊತ್ತಿರುವುದಿಲ್ಲ, ಗೊತ್ತಿರುವ ಹೆಂಗಸರು ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಿರುತ್ತಾರೆ.

ಜೊತೆಗಿರುವ ರೋಗಗಳು ಮೂರನೆಯದು. ಅನೇಕ ವೃದ್ಧರಲ್ಲಿ ಎನ್‌ಪಿಎಚ್ ಮತ್ತು ಅಲ್‌ಝೈಮರ್ ಎರಡೂ ಇರುತ್ತವೆ. ಬೆನ್ನಿನಿಂದ ತೆಗೆದ ಅದೇ ನೀರಿನಲ್ಲಿ ಅಲ್‌ಝೈಮರ್‌ಗೆ ಸಂಬಂಧಿಸಿದ ಪ್ರೋಟೀನುಗಳನ್ನು ಅಳೆಯುವ ಸೌಲಭ್ಯ ದೊಡ್ಡ ಪ್ರಯೋಗಾಲಯಗಳಲ್ಲಿದೆ. ಹಲವು ವರ್ಷಗಳ ರಕ್ತದೊತ್ತಡ, ಸಕ್ಕರೆ ಕಾಯಿಲೆಯಿಂದ ಮೆದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡಿದ್ದರೂ ಬುದ್ಧಿಯ ಚೇತರಿಕೆ ಕಡಿಮೆ. ಹಾಗೆಂದು ಇವೆಲ್ಲ ಇದ್ದ ಮಾತ್ರಕ್ಕೆ ಆಪರೇಷನ್ ಬೇಡವೆಂದಲ್ಲ. ನೆನಪು ಬಾರದಿದ್ದರೂ ಕಾಲು ಬರಬಹುದು.

ನಾಲ್ಕನೆಯದು ಕಾಲ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಪತ್ರ ಓದುತ್ತಿರುವಾಗ ನನಗೆ ಹೆಚ್ಚು ಸಂಕಟವಾದದ್ದು ಇಲ್ಲಿ. ಹಿರಿಯ ಮಗ "ರಮಝಾನ್ ಕಳೆಯಲಿ, ರಜೆಯಲ್ಲಿ ಬಂದಾಗ ನೋಡೋಣ" ಎಂದಿದ್ದಾರಂತೆ. ಸ್ವೀಡನ್ನಿನಲ್ಲಿ ಆಸ್ಪತ್ರೆಯ ಸರದಿ ಉದ್ದವಾಗಿ, ಕೆಲವು ರೋಗಿಗಳು ಆಪರೇಷನ್‌ಗೆ ಆರು ತಿಂಗಳಿಗಿಂತ ಹೆಚ್ಚು ಕಾಯಬೇಕಾಯಿತು. ಅವರಿಗೆ ಏನಾಯಿತೆಂದು ಅಲ್ಲಿನ ವೈದ್ಯರು 2014ರಲ್ಲಿ ಪ್ರಕಟಿಸಿದರು. ಕಾದ ಅವಧಿಯಲ್ಲಿ ನಡಿಗೆ, ಬುದ್ಧಿ ಎರಡೂ ಇನ್ನಷ್ಟು ಕೆಟ್ಟಿದ್ದವು. ಆಪರೇಷನ್ ಆದ ಮೇಲೆ ಅವರೂ ಬೇಗ ಮಾಡಿಸಿಕೊಂಡವರಷ್ಟೇ ಮೆಟ್ಟಿಲು ಹತ್ತಿದರು. ಆದರೆ ಹತ್ತಲು ಆರಂಭಿಸಿದ್ದು ಕೆಳಗಿನಿಂದ, ಆದ್ದರಿಂದ ತಲುಪಿದ ಮೆಟ್ಟಿಲೂ ಕೆಳಗಿನದೇ ಆಯಿತು. ಜಪಾನಿನ ವೈದ್ಯರು 93 ರೋಗಿಗಳಲ್ಲಿ ಕೆಲವರಿಗೆ ಕೂಡಲೇ ಕೊಳವೆ ಹಾಕಿ, ಉಳಿದವರಿಗೆ ಮೂರು ತಿಂಗಳು ವ್ಯಾಯಾಮ ಮಾಡಿಸಿ ಆಮೇಲೆ ಹಾಕುವಂತೆ ಗೊತ್ತುಮಾಡಿದರು. 2015ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ಮೂರು ತಿಂಗಳ ಕೊನೆಗೆ ಕೂಡಲೇ ಆಪರೇಷನ್ ಆದವರಲ್ಲಿ ನೂರಕ್ಕೆ 65 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವುದರಲ್ಲಿ ಸುಧಾರಿಸಿದ್ದರು. ಕಾಯುತ್ತಿದ್ದವರಲ್ಲಿ ನೂರಕ್ಕೆ 5.

ಅಪಾಯಗಳಿಲ್ಲವೇ? ಇವೆ, ಮುಚ್ಚಿಡಬಾರದು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಕೋಣೆಯೊಳಗೆ ನಳಿಕೆ ಇಡುತ್ತಾರೆ. ಅದು ಚರ್ಮದ ಅಡಿಯಲ್ಲೇ ಕಿವಿಯ ಹಿಂದೆ, ಕುತ್ತಿಗೆ, ಎದೆಯ ಮೂಲಕ ಇಳಿದು ಹೊಟ್ಟೆಯೊಳಗೆ ನೀರು ಬಿಡುತ್ತದೆ. ಅಲ್ಲಿ ನೀರು ಹೀರಿಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನೀರು ಹೆಚ್ಚು ಇಳಿದರೆ ಮೆದುಳಿನ ಹೊರಪದರದಲ್ಲಿ ರಕ್ತ ಸೇರಬಹುದು. ಮೇಲೆ ಹೇಳಿದ 2025ರ ಅಧ್ಯಯನದಲ್ಲಿ ಕವಾಟ ತೆರೆದಿದ್ದವರಲ್ಲಿ ನೂರಕ್ಕೆ 12 ಮಂದಿಗೆ ಹೀಗಾಯಿತು, ಮುಚ್ಚಿದ್ದವರಲ್ಲಿ 2 ಮಂದಿಗೆ. ಎದ್ದು ಕೂತಾಗ ತಲೆನೋವು ಬಂದವರು ಅರ್ಧಕ್ಕಿಂತ ಹೆಚ್ಚು. ಸೋಂಕು ತಗಲಬಹುದು, ನಳಿಕೆ ಕಟ್ಟಿಕೊಂಡು ಮತ್ತೊಮ್ಮೆ ಆಪರೇಷನ್ ಬೇಕಾಗಬಹುದು. ಹೊರಗಿನಿಂದಲೇ ಅಯಸ್ಕಾಂತದ ಉಪಕರಣದಿಂದ ಹೆಚ್ಚು ಕಡಿಮೆ ಮಾಡಬಹುದಾದ ಕವಾಟಗಳಿವೆ, ಬೆಲೆ ಹೆಚ್ಚು. ಅಂಥದ್ದನ್ನು ಹಾಕಿಸಿದರೆ ಮುಂದೆ ಎಂಆರ್‌ಐ ಮಾಡಿಸುವಾಗಲೆಲ್ಲ ಮೊದಲೇ ತಿಳಿಸಬೇಕು. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಮನೆಗೆ ಬಂದ ಮೇಲೆ ಜ್ವರ, ವಾಂತಿ, ಹೆಚ್ಚುತ್ತಿರುವ ತಲೆನೋವು, ಅತಿಯಾದ ಮಂಪರು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಈಗ ಹಿರಿಯ ಮಗನ ಪ್ರಶ್ನೆ. ತಾಯಿಯ ಮೇಲಿನ ಪ್ರೀತಿಯಿಂದಲೇ ಕೇಳಿದ್ದಾರೆ, ಸಂಶಯವಿಲ್ಲ. ಆದರೆ ಬುದ್ಧಿ ಮರಳಿದರೆ ಮಾತ್ರ ಲಾಭ, ಇಲ್ಲದಿದ್ದರೆ ನಷ್ಟ ಎಂಬ ಅವರ ಲೆಕ್ಕ ನನಗೆ ಸರಿಯೆನಿಸುವುದಿಲ್ಲ. ಬೀಳದೆ ಇರುವುದು ಲಾಭವಲ್ಲವೇ? ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಅದಕ್ಕೂ ಕತ್ತಿಯೇ ಬೇಕು. ಇನ್ನೊಬ್ಬರನ್ನು ಕೂಗದೆ ಬಚ್ಚಲುಮನೆಗೆ ಹೋಗಿಬರುವುದು ಒಬ್ಬ ಮರ್ಯಾದಸ್ಥ ಹೆಂಗಸಿಗೆ ಎಷ್ಟು ದೊಡ್ಡ ವಿಷಯ ಎಂಬುದು ದಮ್ಮಾಮ್‌ನಿಂದ ಕಾಣಿಸುವುದಿಲ್ಲ. ರಾತ್ರಿ ಎರಡು ಸಲ ಎದ್ದು ಹಾಸಿಗೆ ಬಟ್ಟೆ ಬದಲಾಯಿಸುವ ಸೊಸೆಯನ್ನು ಆ ಫೋನಿನ ಮಾತುಕತೆಗೆ ಯಾರೂ ಕರೆದಿಲ್ಲ. ತಂದೆ ತಾಯಿಗೆ "ಛೆ" ಎನ್ನಬಾರದೆಂಬ ಕುರ್‌ಆನಿನ ಆಜ್ಞೆ ನಮಗೆಲ್ಲ ಬಾಯಿಪಾಠ. ಅದನ್ನು ಪಾಲಿಸುವ ಭಾರ ಮನೆಯ ಒಬ್ಬಳ ಹೆಗಲಿಗೇ ಬೀಳುವುದನ್ನು ಮಾತ್ರ ನಾವು ನೋಡಿಯೂ ನೋಡದಂತಿರುತ್ತೇವೆ.

ಬುದ್ಧಿಯ ಸುಧಾರಣೆ ಎಂದರೆ ಏನೆಂದೂ ಸರಿಯಾಗಿ ತಿಳಿದಿರಬೇಕು. ಹತ್ತು ವರ್ಷದ ಹಿಂದೆ ಜಗಲಿಯಲ್ಲಿ ಪಾಠ ಹೇಳುತ್ತಿದ್ದ ಅತ್ತೆ ಹಾಗೆಯೇ ಎದ್ದು ಬರುತ್ತಾರೆಂದು ಕಾದರೆ ನಿರಾಶೆಯಾಗಬಹುದು. ಸುಧಾರಿಸಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಸಣ್ಣ ಬದಲಾವಣೆಗಳು: ಉತ್ತರ ಬೇಗ ಬರುತ್ತದೆ, ಬಂದವರ ಜೊತೆ ಕೂತು ಮಾತು ಕೇಳುತ್ತಾರೆ, "ಚಾ ಆಯಿತಾ" ಎಂದು ತಾವಾಗಿ ಕೇಳುತ್ತಾರೆ. "ಇವತ್ತು ತಾರೀಕು ಎಷ್ಟು?" ಎಂದು ದಿನವೂ ಪರೀಕ್ಷೆ ಮಾಡುವವರಿಗೆ ಇದು ಕಾಣುವುದೇ ಇಲ್ಲ.

ಆದ್ದರಿಂದ ಸಹೋದರಿ, ಒಂದು ನೋಟ್ ಪುಸ್ತಕ ಇಡಿ. ಆಪರೇಷನ್ ಆಗಲಿ ಬಿಡಲಿ, ಇಂದಿನಿಂದಲೇ. ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿಬರಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ಅಳೆದು ಬರೆಯಿರಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲಿ. ಒಂದು ವೀಡಿಯೋ ತೆಗೆದಿಡಿ. ವಾರದಲ್ಲಿ ಎಷ್ಟು ರಾತ್ರಿ ಹಾಸಿಗೆ ಒಣಗಿತ್ತು? ಎಷ್ಟು ಸಲ ಬಿದ್ದರು? ಯಾರೂ ಹೇಳದೆ ತಾವಾಗಿ ಏನು ಮಾಡಿದರು, ಏನು ಕೇಳಿದರು? ಸೂಜಿಯ ಪರೀಕ್ಷೆಯ ದಿನ, ಮಾರನೆಯ ದಿನ, ಆಪರೇಷನ್ ಆದರೆ ಮೂರು ತಿಂಗಳು, ಆರು ತಿಂಗಳು, ವರ್ಷಕ್ಕೆ ಮತ್ತೆ ಬರೆಯಿರಿ. ಸುಧಾರಿಸಿ ಮತ್ತೆ ಕೆಟ್ಟರೆ ಕವಾಟ ಹೊಂದಿಸಬೇಕೋ, ನಳಿಕೆ ಕಟ್ಟಿದೆಯೋ ಎಂದು ವೈದ್ಯರು ನೋಡಲು ಈ ಪುಸ್ತಕ ಬೇಕಾಗುತ್ತದೆ.

ನಮಾಝ್ ಬಗ್ಗೆ ಅತ್ತೆಯ ಸಂಕಟವನ್ನೂ ಬರೆದಿದ್ದೀರಿ. ಮೂತ್ರ ನಿಲ್ಲದವರಿಗೆ ನಮಾಝ್ ತಪ್ಪಿಹೋಯಿತೆಂದಿಲ್ಲ. ನಮಾಝಿನ ಸಮಯವಾದ ಮೇಲೆ ಶುಚಿ ಮಾಡಿಕೊಂಡು, ಬಟ್ಟೆ ಕಟ್ಟಿಕೊಂಡು, ವುಝೂ ಮಾಡಿ ನಮಾಝ್ ಮಾಡಬಹುದು. ನಡುವೆ ಹನಿ ಹೋದರೂ ಅದು ಅವರ ತಪ್ಪಲ್ಲ. ನಿಲ್ಲಲಾಗದವರು ಕುಳಿತು ಮಾಡಬಹುದು. ವಿವರಗಳಲ್ಲಿ ಮದ್ಹಬ್‌ಗಳ ನಡುವೆ ಸ್ವಲ್ಪ ವ್ಯತ್ಯಾಸವಿದೆ, ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ರಕಅತ್ ಮರೆಯುವವರ ಪಕ್ಕದಲ್ಲಿ ಮೊಮ್ಮಗಳೊಬ್ಬಳು ನಿಂತು ಒಟ್ಟಿಗೇ ನಮಾಝ್ ಮಾಡಿಸಿದರೆ ಸಾಕು. ಆಪರೇಷನ್ ಆದರೆ ಗಾಯ ಒಣಗಿದ ಮೇಲೆ ತಲೆ ಸವರುವುದಕ್ಕೆ, ಸುಜೂದ್‌ಗೆ ಬಾಗುವುದಕ್ಕೆ ವೈದ್ಯರ ಒಪ್ಪಿಗೆ ಕೇಳಿಕೊಳ್ಳಿ.

ಇನ್ನೊಂದು ಮಾತು. ಆರು ಪುಟದ ಪತ್ರದಲ್ಲಿ ಹಿರಿಯ ಮಗನ ಅಭಿಪ್ರಾಯವಿದೆ, ಕಿರಿಯ ಮಗನದ್ದಿದೆ, ನಾದಿನಿಯದ್ದಿದೆ, ಮಂತ್ರಿಸಿದ ನೀರು ಕೊಟ್ಟವರದ್ದೂ ಇದೆ. ಅತ್ತೆಯ ಅಭಿಪ್ರಾಯ ಎಲ್ಲಿಯೂ ಇಲ್ಲ. ಅವರು ನಿಧಾನವಾಗಿದ್ದಾರೆ, ಆದರೆ ಇಲ್ಲದಂತಾಗಿಲ್ಲ. ಬೆಳಿಗ್ಗೆ ಅವರ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ, ಟಿವಿ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ ಪಕ್ಕದಲ್ಲಿ ಕೂತುಕೊಳ್ಳಿ. ಸಣ್ಣ ವಾಕ್ಯಗಳಲ್ಲಿ ಹೇಳಿ: ತಲೆಯಲ್ಲಿ ನೀರು ಹೆಚ್ಚಾಗಿದೆ, ಅದನ್ನು ಇಳಿಸಲು ಒಂದು ಕೊಳವೆ ಹಾಕಬಹುದಂತೆ, ಕಾಲು ಸರಿಯಾಗಬಹುದು, ಮರೆವು ಸರಿಯಾಗುತ್ತದೋ ಗೊತ್ತಿಲ್ಲ, ಅಪಾಯವೂ ಸ್ವಲ್ಪ ಇದೆ. ಉತ್ತರಕ್ಕೆ ಅವಸರಪಡಿಸಬೇಡಿ. ಅವರಿಗೆ ಹೊತ್ತು ಬೇಕು. ನೀವು ಎರಡನೆಯ ಪ್ರಶ್ನೆ ಕೇಳುವ ಮೊದಲು ಮೊದಲನೆಯದಕ್ಕೆ ಉತ್ತರ ಬರುವವರೆಗೆ ಕಾಯಿರಿ. ಮಾರನೆಯ ದಿನ ಇನ್ನೊಮ್ಮೆ ಕೇಳಿ, ಎರಡೂ ದಿನ ಅದೇ ಉತ್ತರ ಬರುತ್ತದೆಯೇ ನೋಡಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಆ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದು, ದಮ್ಮಾಮ್‌ಗೆ ಫೋನ್ ಮಾಡಿದಾಗ ಓದಿಹೇಳಿ. ಅವರು ಏನೆಂದರು ಎಂದು ನನಗೂ ಒಂದು ಸಾಲು ಬರೆಯಿರಿ.